ಬರೆದುಕೊಟ್ಟ ಮಾತ್ರಕ್ಕೆ ನ್ಯಾಯವಾದೀತೆ?

ದೊಡ್ಡ ಪಟ್ಟಣಗಳ ಒಂದು ಸುದ್ದಿ ಈಚೆಗೆ ನಮ್ಮ ಪೇಟೆಯ ಜಗುಲಿಗಳಿಗೂ ಕಾರ್ಖಾನೆಯ ಗೇಟಿನ ಮುಂದಿನ ಟೀ ಅಂಗಡಿಗಳಿಗೂ ಬಂದು ಮುಟ್ಟಿದೆ. ವಯಸ್ಸಿಗೆ ಬಂದ ಇಬ್ಬರು, ಪರಸ್ಪರ ಒಲಿದು, ತಮ್ಮತಮ್ಮೊಳಗೆ ಒಂದು ಕರಾರುಪತ್ರ ಬರೆದುಕೊಳ್ಳುತ್ತಾರೆ. ಖಾಸಗಿ ಬಾಳಿನಲ್ಲಿ ಒಬ್ಬರು ಅಪ್ಪಣೆ ಕೊಡತಕ್ಕದ್ದು, ಮತ್ತೊಬ್ಬರು ಅದನ್ನು ನಡೆಸತಕ್ಕದ್ದು; ಇಂತಿಂಥದು ಸರಿ, ಇಂತಿಂಥದು ಕೂಡದು; ಇಷ್ಟು ದಿನಗಳ ತನಕ ಈ ಏರ್ಪಾಡು ಎಂದು ಅದರಲ್ಲಿ ಬರೆದಿರುತ್ತದೆ. ಒಬ್ಬರಿಗೆ ಆಳುವುದು ಇಷ್ಟ, ಮತ್ತೊಬ್ಬರಿಗೆ ಆಳಿಸಿಕೊಳ್ಳುವುದು ಇಷ್ಟ. ಇದನ್ನು ಕೇಳಿದವರಲ್ಲಿ ಕೆಲವರು ನಕ್ಕರು, ಕೆಲವರು ಅನಾಚಾರವೆಂದು ಮುಖ ಸಿಂಡರಿಸಿದರು. ಕೂಲಿಕಾರರ ಪತ್ರಿಕೆಗೆ ಮಲಗುವ ಮನೆಯ ಈ ವಿಚಾರ ಏತಕ್ಕೆ ಎಂದು ಕೇಳುವವರೂ ಉಂಟು.

ಏತಕ್ಕೆಂದರೆ, ಅಡಿಯಾಳುತನವನ್ನು ಕಾಗದದ ಮೇಲೆ ಬರೆದುಕೊಡುವುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನಕ್ಕೆ ಹೊಸ ಸಂಗತಿಯಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಅದಕ್ಕೆ ಜೀತ ಎಂಬ ಹೆಸರಿತ್ತು. ಅಲ್ಲೂ ಒಬ್ಬ ಧಣಿ, ಒಬ್ಬ ಆಳು. ಅಲ್ಲೂ ಛಾಪಾ ಕಾಗದ, ಅದರ ಅಡಿಯಲ್ಲಿ ಹೆಬ್ಬೆಟ್ಟು. “ಅವನೇ ಒಪ್ಪಿ ಬಂದಿದ್ದಾನೆ, ನಾವೇನು ಎಳೆದುಕೊಂಡು ಬಂದೆವೆ?” ಎಂಬ ಮಾತು ಅಲ್ಲೂ ಇತ್ತು. ಆದುದರಿಂದ ಒಪ್ಪಿಗೆ ಎಂದರೇನು, ಬರೆದುಕೊಟ್ಟ ಒಪ್ಪಿಗೆ ಯಾವಾಗ ನ್ಯಾಯ, ಯಾವಾಗ ಸಂಕೋಲೆ ಎಂಬ ಪ್ರಶ್ನೆ ಪಟ್ಟಣದ ಪಡ್ಡೆಗಳ ಪ್ರಶ್ನೆ ಮಾತ್ರವಲ್ಲ, ನಮ್ಮ ಪ್ರಶ್ನೆಯೂ ಹೌದು.

ಜೀತದ ಕಾಗದದಲ್ಲಿ ಏನಿರುತ್ತಿತ್ತೆಂಬುದನ್ನು ಹಳಬರು ಬಲ್ಲರು. ಮಗಳ ಮದುವೆಗೋ, ಕಾಯಿಲೆಗೋ, ಮಳೆ ಕೈಕೊಟ್ಟ ವರ್ಷದ ಹೊಟ್ಟೆಪಾಡಿಗೋ ತಂದೆಯಾದವನು ಸಾಲ ಎತ್ತುವನು. ಸಾಲಕ್ಕೆ ಅಡವಿಡಲು ಹೊಲವಿಲ್ಲ, ಒಡವೆಯಿಲ್ಲ. ಇರುವುದು ಮೈಯೊಂದೇ. ಅದನ್ನೇ ಅಡವಿಡುವನು, ತನ್ನದು ಸಾಲದಿದ್ದರೆ ಮಗನದನ್ನೂ ಇಡುವನು. ಯುಗಾದಿಯಿಂದ ಯುಗಾದಿಗೆ ಎಂದು ಬಾಯಿಮಾತಿನ ಲೆಕ್ಕ. ಆದರೆ ಯುಗಾದಿ ಬಂದಾಗ ಹೊತ್ತು ಮೀರಿ ಎದ್ದ ದಿನ, ಜ್ವರ ಬಂದು ಮಲಗಿದ ದಿನ, ಸತ್ತ ಕುರಿ, ಮುರಿದ ನೇಗಿಲು ಎಲ್ಲವೂ ಸಾಲದ ಬಾಬ್ತಿಗೆ ಸೇರಿ, ಕಾಗದ ಹೊಸದಾಗುತ್ತಿತ್ತು. ಬರೆದವನು ಧಣಿ ಅಥವಾ ಅವನ ಶಾನುಭೋಗ. ಓದಬಲ್ಲವನೂ ಅವನೇ, ಪೆಟ್ಟಿಗೆಯಲ್ಲಿ ಇಟ್ಟುಕೊಂಡವನೂ ಅವನೇ. ಬಹಳ ಕಡೆ ಕಾಗದವೂ ಇರಲಿಲ್ಲ, ಮಾತೇ ಸಾಕಾಗಿತ್ತು. ಮಾತನ್ನು ಮೀರಿ ಹೋಗಲು ಆಳಿಗೆ ಇನ್ನೊಂದು ಊರಿರಲಿಲ್ಲ.

ಈಗ ಇನ್ನೊಂದು ಕಾಗದವನ್ನು ನೋಡೋಣ. 1869ರಲ್ಲಿ ಆಸ್ಟ್ರಿಯಾ ದೇಶದ ಲಿಯೋಪೋಲ್ಡ್ ಫಾನ್ ಝಾಖರ್ ಮಾಝೋಖ್ ಎಂಬ ಕಾದಂಬರಿಕಾರನು ಫ್ಯಾನಿ ಫಾನ್ ಪಿಸ್ಟೋರ್ ಎಂಬ ಹೆಂಗಸಿಗೆ ತಾನು ಗುಲಾಮನಾಗಿರುವೆನೆಂದು ಬರೆದುಕೊಟ್ಟನು. ತನ್ನ ಹಿರಿಮೆಯನ್ನೆಲ್ಲ ಬಿಟ್ಟು ಅಧೀನನಾಗಿರುವುದರಲ್ಲೇ ಅವನಿಗೆ ಸುಖ. ಅವನ ಹೆಸರಿನಿಂದಲೇ ವೈದ್ಯರು ಮುಂದೆ ಆ ಮನೋವೃತ್ತಿಗೆ ಹೆಸರಿಟ್ಟರು. ಓದಿದ ಕೂಡಲೆ ನಗು ಬರುವ ಕಾಗದವದು. ಆದರೆ ನಕ್ಕು ಮುಗಿದ ಮೇಲೆ ಅದರ ಷರತ್ತುಗಳನ್ನು ಒಂದೊಂದಾಗಿ ಎಣಿಸಬೇಕು. ಗುಲಾಮಗಿರಿಗೆ ಅವಧಿ ಆರು ತಿಂಗಳು ಮಾತ್ರ. ಮನುಷ್ಯನಾಗಿ, ನಾಗರಿಕನಾಗಿ ಅವನಿಗೆ ಮಾನಗೇಡಾಗುವಂಥದನ್ನು ಆಕೆ ಕೇಳಕೂಡದು. ದಿನಕ್ಕೆ ಆರು ಗಂಟೆ ಅವನ ಸ್ವಂತ ಕೆಲಸಕ್ಕೆ ಬಿಡತಕ್ಕದ್ದು. ಅವನ ಕಾಗದಪತ್ರಗಳನ್ನೂ ಬರಹಗಳನ್ನೂ ಆಕೆ ಓದಕೂಡದು.

ವಾಚಕರೇ, ನಮ್ಮ ಸೀಮೆಯ ಯಾವ ಜೀತದಾಳಿಗೆ ದಿನಕ್ಕೆ ಆರು ಗಂಟೆ ಸ್ವಂತದ್ದೆಂದು ಯಾವ ಧಣಿ ಬರೆದುಕೊಟ್ಟಿದ್ದ? ಯಾವ ಕಾಗದದಲ್ಲಿ ಮಾನಗೇಡಿನ ಕೆಲಸ ಹೇಳಕೂಡದು ಎಂದಿತ್ತು? ಯಾವುದರಲ್ಲಿ ಆರು ತಿಂಗಳಿಗೆ ಬಿಡುಗಡೆ ಎಂದಿತ್ತು? ಗುಲಾಮನಾಗುವ ಆಟ ಆಡಿದ ಆ ದೊಡ್ಡ ಮನುಷ್ಯನಿಗೆ ತನ್ನ ಕಾಗದದಲ್ಲಿ ಸಿಕ್ಕ ರಕ್ಷಣೆಯಲ್ಲಿ ಕಾಲುಭಾಗವೂ ನಿಜವಾದ ಆಳಿಗೆ ಸಿಕ್ಕಿರಲಿಲ್ಲ. ಕಾರಣ ಸ್ಪಷ್ಟವಾಗಿದೆ. ಅವನು ಕಾಗದವನ್ನು ತಾನೇ ಕೂತು ಬರೆಯಬಲ್ಲವನಾಗಿದ್ದ. ಬೇಡವೆನಿಸಿದ ದಿನ ಎದ್ದು ಹೋಗಬಲ್ಲವನಾಗಿದ್ದ. ಎದ್ದು ಹೋದರೆ ಅವನ ಮನೆಯ ಒಲೆ ಆರುತ್ತಿರಲಿಲ್ಲ.

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಇದೇ ಲೇಖಕನು 1873ರಲ್ಲಿ ಮದುವೆಯಾದ ಹೆಂಗಸು ಬಡ ಮನೆತನದವಳು, ಹೊಲಿಗೆ ಮಾಡಿ ಬದುಕುತ್ತಿದ್ದವಳು. ಆಕೆಯೊಡನೆಯೂ ಅಂಥದೇ ಒಂದು ಪತ್ರ. ಕಾಗದದ ಮೇಲೆ ಆಕೆಯೇ ಒಡತಿ, ಅವನು ದಾಸ. ಆದರೆ ಆಕೆ 1906ರಲ್ಲಿ ಅಚ್ಚು ಹಾಕಿಸಿದ ಆತ್ಮಕಥೆಯಲ್ಲಿ ಬರೆದಿರುವುದು ಬೇರೆ: ಆ ಒಡತಿಯ ಪಾತ್ರ ಆಕೆಗೆ ಬೇಕಿರಲಿಲ್ಲ, ಗಂಡನ ಒತ್ತಾಯಕ್ಕೆ ಕಟ್ಟುಬಿದ್ದು ನಡೆದದ್ದು. ಅಂದರೆ ಕಾಗದದಲ್ಲಿ ಚಾಟಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಿದರೆ ಸಾಲದು. ಅನ್ನ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು. ಇದನ್ನು ಕೂಲಿಕಾರರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ.

ಒಪ್ಪಿಗೆಯ ಪ್ರಶ್ನೆಯಲ್ಲಿ 1859ನೆಯ ಇಸವಿ ನೆನಪಿಡತಕ್ಕದ್ದು. ಆ ವರ್ಷ ಇಂಗ್ಲೆಂಡಿನಲ್ಲಿ ಜಾನ್ ಸ್ಟುವರ್ಟ್ ಮಿಲ್ಲನು ಸ್ವಾತಂತ್ರ್ಯವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಒಬ್ಬ ಮನುಷ್ಯ ತನ್ನನ್ನು ತಾನೇ ಗುಲಾಮನಾಗಿ ಮಾರಿಕೊಂಡರೆ ಆ ಕರಾರು ಊರ್ಜಿತವಾಗಕೂಡದು, ಸ್ವಾತಂತ್ರ್ಯವನ್ನೇ ಕಳೆದುಕೊಳ್ಳುವ ಸ್ವಾತಂತ್ರ್ಯವೆಂಬುದು ಇಲ್ಲ ಎಂದು ಅವನ ವಾದ. ಹಿಂದಿನ ವರ್ಷದ ತನಕ ಈ ಮಿಲ್ಲನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಅಧಿಕಾರಿಯಾಗಿದ್ದವನು. ಅದೇ 1859ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಒಂದು ಕಾನೂನು ಬಂತು. ಮುಂಗಡ ಪಡೆದ ಕೂಲಿಯವನು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟನು ಹಣ ಹಿಂದಿರುಗಿಸು, ಇಲ್ಲವೆ ಕೆಲಸ ಮಾಡು ಎಂದು ಆಜ್ಞೆ ಮಾಡಬಹುದು; ಮೀರಿದರೆ ಮೂರು ತಿಂಗಳ ತನಕ ಸೆರೆ. ಕರಾರು ಮುರಿದ ಧಣಿಗೆ ಈ ಸೆರೆ ಇರಲಿಲ್ಲ, ಆಳಿಗೆ ಮಾತ್ರ. ಗ್ರಂಥದಲ್ಲಿ ಒಂದು ನ್ಯಾಯ, ಗೆದ್ದ ದೇಶದಲ್ಲಿ ಇನ್ನೊಂದು. 1925ರಲ್ಲಿ ಅದನ್ನು ರದ್ದು ಮಾಡುವ ಕಾನೂನು ಬರುವ ತನಕ ಕೂಲಿಯವನ ಹೆಬ್ಬೆಟ್ಟಿನ ಹಿಂದೆ ಸೆರೆಮನೆಯ ಬಾಗಿಲು ತೆರೆದೇ ಇತ್ತು.

ಬೆರಳಿನ ಗುರುತು ಎಂದರೆ ದುಡಿಯುವವನಿಗೆ ಹೆದರಿಕೆ ಏಕೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಜಿಲ್ಲೆಯ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕೂಲಿಕಾರರು ದೊಡ್ಡ ಮುಷ್ಕರ ಹೂಡಿದ್ದು ಬೆರಳಚ್ಚು ತೆಗೆದು ಹೆಸರು ನೋಂದಾಯಿಸುವ ಕಟ್ಟಳೆಯನ್ನು ಎದುರಿಸಿ. ತಿಳಿಯದವರು ಅದನ್ನು ಮೂಢತನವೆಂದಾರು. ಓದಲಾರದ ಕಾಗದಕ್ಕೆ ಒತ್ತಿದ ಬೆರಳು ಏನೇನು ತಂದೀತೆಂಬುದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ಕರಾರುಗಳಿಗೆಲ್ಲ ತಾಯಿಯಾದ ಕಾನೂನು 1872ರ ಭಾರತೀಯ ಕರಾರು ಅಧಿನಿಯಮ. ಅಂಗಡಿಕಾರರು ದಿನವೂ ಅದರ ನೆರಳಿನಲ್ಲೇ ವ್ಯಾಪಾರ ಮಾಡುತ್ತಾರೆ. ಸ್ವತಂತ್ರವಾದ ಒಪ್ಪಿಗೆ ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು ಎಂದು ಅದರ 10ನೆಯ ಕಲಂ ಹೇಳುತ್ತದೆ. 16ನೆಯ ಕಲಂ ಇನ್ನೂ ಮುಖ್ಯ. ಒಬ್ಬನು ಮತ್ತೊಬ್ಬನ ಮನಸ್ಸಿನ ಮೇಲೆ ಒಡೆತನ ನಡೆಸುವ ಸ್ಥಿತಿಯಲ್ಲಿದ್ದು, ಆ ಸ್ಥಿತಿಯಿಂದ ಅನ್ಯಾಯದ ಲಾಭ ಪಡೆದರೆ ಆ ಒಪ್ಪಿಗೆ ಸ್ವತಂತ್ರವಲ್ಲ. ಕಾನೂನು ಪುಸ್ತಕದಲ್ಲಿ ಇದು ಇಷ್ಟು ಹಿಂದೆಯೇ ಇತ್ತು. ಆದರೂ ಜೀತ ನಿಲ್ಲಲಿಲ್ಲ. ಏಕೆಂದರೆ ಆಳು ಕೋರ್ಟಿಗೆ ಹೋಗುವಂತಿರಲಿಲ್ಲ. 1950ರ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ದುಡಿತವನ್ನೂ ಬಲವಂತದ ದುಡಿತವನ್ನೂ ನಿಷೇಧಿಸಿತು. ಆಮೇಲೂ ಕಾಲು ಶತಮಾನ ಕಾಯಬೇಕಾಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತಪದ್ಧತಿ ರದ್ದತಿ ಅಧಿನಿಯಮ ಬಂದವು.

ಆ ಅಧಿನಿಯಮವನ್ನು ಪ್ರತಿ ಕೂಲಿಕಾರನೂ ಬಾಯಿಪಾಠ ಮಾಡಬೇಕು. ಜೀತದ ಕರಾರು ಬರೆದದ್ದಾಗಲಿ, ಬಾಯಿಮಾತಿನದಾಗಲಿ, ರೂಢಿಯಿಂದ ಬಂದುದಾಗಲಿ, ಊರ್ಜಿತವಲ್ಲ. ಅದರ ಸಾಲ ವಜಾ. ವಜಾ ಆದ ಸಾಲಕ್ಕೆ ಧಣಿ ಹಣ ಪಡೆದರೆ ಅಪರಾಧ. ಆಳು ಇದ್ದ ಗುಡಿಸಲಿನಿಂದ ಅವನನ್ನು ಎಬ್ಬಿಸಕೂಡದು. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊರೆ ಸಾಲ ಕೊಟ್ಟವನದು, ಆಳಿನದಲ್ಲ. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದ ತನಕ ಸೆರೆ, ಎರಡು ಸಾವಿರ ರೂಪಾಯಿ ತನಕ ದಂಡ. ಜೀತ ಎಂದರೇನೆಂದೂ ಅದು ಬಿಡಿಸಿ ಹೇಳುತ್ತದೆ: ಪಡೆದ ಮುಂಗಡಕ್ಕಾಗಿ ಕೂಲಿಯಿಲ್ಲದೆ ಅಥವಾ ನೆಪಮಾತ್ರದ ಕೂಲಿಗೆ ದುಡಿಯುವುದು, ಬೇರೆ ಕೆಲಸ ಹಿಡಿಯುವ ಹಕ್ಕು ಕಳೆದುಕೊಳ್ಳುವುದು, ಬೇರೆಡೆಗೆ ಹೋಗುವ ಹಕ್ಕು ಕಳೆದುಕೊಳ್ಳುವುದು, ತಾನು ಬೆಳೆದುದನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ಕಳೆದುಕೊಳ್ಳುವುದು. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲವಂತ ಎಂದರೆ ದೊಣ್ಣೆಯ ಬಲವಂತವೊಂದೇ ಅಲ್ಲ, ಹಸಿವಿನ ಬಲವಂತವೂ ಬಲವಂತವೇ. ಗತಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಯುವವನು ಬಲವಂತದ ದುಡಿತಕ್ಕೆ ಸಿಕ್ಕವನು ಎಂದು ತೀರ್ಪಾಯಿತು. ಒಪ್ಪಿಗೆಯ ಹಿಂದಿನ ಹೊಟ್ಟೆಯನ್ನು ನ್ಯಾಯಾಲಯ ನೋಡಿದ ದಿನವದು.

ಇನ್ನು ಪಟ್ಟಣದ ಆ ಖಾಸಗಿ ಪತ್ರಕ್ಕೆ ಬರೋಣ. ಅಂಥ ಒಲವನ್ನು ಹೊಂದಿದವರನ್ನು ಬೈಯುವುದರಲ್ಲಿ ನಮಗೆ ಆಸಕ್ತಿಯಿಲ್ಲ. ಒಬ್ಬರಿಗೆ ಮನಸಾರೆ ಅಧೀನರಾಗಿರುವುದರಲ್ಲಿ ಸುಖವುಂಟೆಂಬುದು ಈ ನಾಡಿಗೆ ಅಪರಿಚಿತವೂ ಅಲ್ಲ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಬೃಂದಾವನವಿರುವ ಶ್ರೀಪಾದರಾಜರನ್ನು ಹರಿದಾಸ ಸಾಹಿತ್ಯದ ಪಿತಾಮಹರೆಂದು ಕರೆಯುತ್ತೇವೆ. ದಾಸ ಎಂಬ ಮಾತನ್ನು ಆ ಪರಂಪರೆ ಹೆಮ್ಮೆಯ ಬಿರುದಾಗಿ ಧರಿಸಿತು. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ದೇವರು, ಇಲ್ಲಿ ಮನುಷ್ಯರು. ತಾನಾಗಿ ಬಾಗುವುದು ಬೇರೆ, ಬಾಗಿಸಲ್ಪಡುವುದು ಬೇರೆ ಎಂಬ ತಿಳಿವಳಿಕೆ ನಮ್ಮ ಜನಕ್ಕೆ ಹಿಂದಿನಿಂದಲೂ ಇದೆ ಎಂದಷ್ಟೇ ನಮ್ಮ ಮಾತು.

ಆ ಪತ್ರಕ್ಕೆ ಕಾನೂನಿನ ಬೆಲೆ ಎಷ್ಟು? ಅದನ್ನು ಹಿಡಿದು ಯಾರೂ ದಾವಾ ಹೂಡಿ ಗೆಲ್ಲಲಾರರು. ಸಾರ್ವಜನಿಕ ನೀತಿಗೆ ವಿರುದ್ಧವಾದ ಉದ್ದೇಶದ ಕರಾರು ಊರ್ಜಿತವಲ್ಲವೆಂದು 1872ರ ಕಾನೂನಿನ 23ನೆಯ ಕಲಂ ಹೇಳುತ್ತದೆ. ಮೈಗೆ ನೋವಾಗುವ ವಿಚಾರದಲ್ಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಂ ಹದಿನೆಂಟು ತುಂಬಿದವರ ಒಪ್ಪಿಗೆಗೆ ಸ್ವಲ್ಪ ಎಡೆ ಕೊಡುತ್ತದೆ. ಗರಡಿಯಲ್ಲಿ ಕುಸ್ತಿಗೆ ಇಳಿದವನು ಪೆಟ್ಟು ತಿಂದರೆ ಎದುರಾಳಿ ಅಪರಾಧಿಯಲ್ಲ. ಆದರೆ ಸಾವನ್ನಾಗಲಿ, ತೀವ್ರ ಗಾಯವನ್ನಾಗಲಿ ಉಂಟುಮಾಡುವ ಕೃತ್ಯಕ್ಕೆ ಈ ಎಡೆ ಇಲ್ಲ. ಹೆದರಿಸಿ ಪಡೆದ ಒಪ್ಪಿಗೆ, ತಪ್ಪು ತಿಳಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು 28ನೆಯ ಕಲಂ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಇಂಥದೇ ಮೊಕದ್ದಮೆ 1993ರಲ್ಲಿ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, ಪರಸ್ಪರ ಒಪ್ಪಿ ಗಾಯ ಮಾಡಿಕೊಂಡ ವಯಸ್ಕರಿಗೂ ಶಿಕ್ಷೆ ಉಳಿಯಿತು. ಐವರು ನ್ಯಾಯಾಧೀಶರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಅಷ್ಟು ದೊಡ್ಡವರಲ್ಲೇ ಒಮ್ಮತವಿಲ್ಲದ ಪ್ರಶ್ನೆಯಿದು.

ಹಾಗಾದರೆ ಅಂಥ ಪತ್ರ ವ್ಯರ್ಥವೆ? ವ್ಯರ್ಥವಲ್ಲ. ಇಬ್ಬರು ಕೂತು, ಯಾವುದು ಬೇಕು, ಯಾವುದು ಬೇಡ, ಎಲ್ಲಿಗೆ ನಿಲ್ಲಿಸಬೇಕು, ಯಾವ ಮಾತು ಹೇಳಿದರೆ ತಟಕ್ಕನೆ ಕೈಬಿಡಬೇಕು ಎಂದು ಮೊದಲೇ ಮಾತಾಡಿ ಬರೆದಿಟ್ಟುಕೊಂಡರೆ ಒಳ್ಳೆಯದೇ. ಅದು ಜ್ಞಾಪಕಪತ್ರ; ಎಲ್ಲೆಕಲ್ಲು. ಆದರೆ ಒಪ್ಪಿಗೆ ಎಂಬುದು ಒಂದು ದಿನ ಸಹಿ ಹಾಕಿ ಪೆಟ್ಟಿಗೆಯಲ್ಲಿಡುವ ಸಾಮಾನಲ್ಲ. ಅದು ದಿನದಿನವೂ, ಗಳಿಗೆಗಳಿಗೆಗೂ ಇರಬೇಕಾದದ್ದು. ಇಂದು ಬೇಡ ಎಂದವರ ಮುಂದೆ “ಅಂದು ಬರೆದುಕೊಟ್ಟಿದ್ದೀಯೆ” ಎಂದು ಆ ಕಾಗದವನ್ನು ಹಿಡಿದ ಕ್ಷಣವೇ ಅದು ಜೀತಪತ್ರವಾಗುತ್ತದೆ. ಅದರಲ್ಲಿ ಸಂಬಳದ ಹಣ, ಆಸ್ತಿ, ಮಕ್ಕಳು, ಉದ್ಯೋಗ ಇವು ಸೇರಿದರೆ, ಬಿಟ್ಟುಹೋದರೆ ಬಯಲಿಗೆಳೆಯುತ್ತೇನೆಂದು ಚಿತ್ರಗಳನ್ನು ಒತ್ತೆಯಿಟ್ಟುಕೊಂಡರೆ, ಒಲವಿನ ಮಾತು ಅಲ್ಲಿಗೆ ಮುಗಿಯಿತು. ಸಾಹುಕಾರನ ಪದ್ಧತಿ ಮಲಗುವ ಮನೆಗೆ ಬಂದಿತೆಂದೇ ತಿಳಿಯಬೇಕು.

ಪತ್ರವೇ ಇಲ್ಲದೆ ನಡೆಯುವ ಒಡೆತನದ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ಪಟ್ಟಣದ ಆ ಜೋಡಿಯನ್ನು ನೋಡಿ ನಗುವ ನಾವು ನಮ್ಮ ಮನೆಗಳಲ್ಲಿ ಹೆಂಡತಿಯನ್ನು ಎಂದಾದರೂ ಕೇಳಿದ್ದುಂಟೆ, ಇದು ನಿನಗೆ ಒಪ್ಪಿಗೆಯೆ ಎಂದು? ತಾಳಿ ಕಟ್ಟಿದ ದಿನವೇ ಎಲ್ಲಕ್ಕೂ ಒಪ್ಪಿದಳೆಂದು ಗಂಡಸರು ತಿಳಿದಿದ್ದಾರೆ, ಕಾನೂನೂ ಬಹುಮಟ್ಟಿಗೆ ಹಾಗೆಯೇ ತಿಳಿದಿದೆ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಹೊಸ ನ್ಯಾಯ ಸಂಹಿತೆಯೂ ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2022ರ ಮಾರ್ಚಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ನಿರಾಕರಿಸಿ, ಗಂಡನಾದರೂ ಗಂಡಸೇ, ಕೃತ್ಯ ಕೃತ್ಯವೇ ಎಂಬ ನಿಲುವು ತಳೆಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಆ ವಿಚಾರಣೆಗೆ ತಡೆ ಕೊಟ್ಟಿತು. ಬೇಕು ಬೇಡಗಳನ್ನು ಕೇಳಿ ಬರೆದುಕೊಳ್ಳುವ ಆ ಪಟ್ಟಣದವರಿಂದ, ಕೇಳದೆಯೇ ಆಳುವ ನಾವು ಇಷ್ಟನ್ನಾದರೂ ಕಲಿಯಬಹುದು: ಕೇಳಬೇಕು, ಬೇಡ ಎಂದರೆ ಬಿಡಬೇಕು.

ಈಗ ನಮ್ಮ ಸುತ್ತಲಿನ ಕಾಗದಗಳನ್ನು ನೋಡೋಣ. ಜೀತ ಎಂಬ ಹೆಸರು ಹೇಳಲು ಇಂದು ಎಲ್ಲರಿಗೂ ನಾಚಿಕೆ. ಆದರೆ ಮುಂಗಡ ಎಂಬ ಹೆಸರಿಗೆ ನಾಚಿಕೆಯಿಲ್ಲ. ಇಟ್ಟಿಗೆ ಗೂಡಿಗೆ, ಕಲ್ಲುಕ್ವಾರಿಗೆ, ಕೋಳಿಫಾರಮ್ಮಿಗೆ ಸಂಸಾರ ಸಮೇತ ಬಂದವನಿಗೆ ಮುಂಗಡ ಕೊಟ್ಟು, ಅದು ತೀರುವ ತನಕ ಊರಿಗೆ ಹೋಗಕೂಡದೆಂದರೆ ಅದೇ ಜೀತ. ಮಾವಿನ ಹೂ ಬಿಡುವ ಮುಂಚೆಯೇ ಹಣ ಕೊಟ್ಟು, ಕಾಯನ್ನು ನಮ್ಮ ಮಂಡಿಗೇ ನಾವು ಹೇಳಿದ ಬೆಲೆಗೇ ಹಾಕು ಎಂದರೆ, ಬೆಳೆದುದನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ಎಲ್ಲಿ ಹೋಯಿತು? ಕಾರ್ಖಾನೆಗಳಲ್ಲೂ ಅಷ್ಟೆ. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಗಲಭೆಯ ಹಿಂದೆ ಇದ್ದುದು ಗುತ್ತಿಗೆಯ ಮೂಲಕ ಸೇರಿದ ಕೆಲಸಗಾರರ ಸಂಬಳದ ತಕರಾರು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಹೊಡೆದು ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಕೆಲಸಗಾರನ ಸಹಿ ಒಂದು ಕಡೆ, ಸಂಬಳ ಕೊಡುವ ಹೊಣೆ ಮತ್ತೊಂದು ಕಡೆ, ನಡುವೆ ಗುತ್ತಿಗೆದಾರರು ಎಂಬ ಏರ್ಪಾಡು ಎಲ್ಲಿಗೆ ಮುಟ್ಟಿಸುತ್ತದೆಂಬುದಕ್ಕೆ ಅದು ಸಾಕ್ಷಿ.

ಸಣ್ಣ ವ್ಯಾಪಾರಿಗಳು ಇದು ತಮಗೆ ಸೇರಿದ್ದಲ್ಲವೆಂದು ಭಾವಿಸಬಾರದು. ಅಂಗಡಿಗೆ ಬಂಡವಾಳ ಬೇಕೆಂದು ಬರಿ ಹಾಳೆಗೆ ಸಹಿ ಹಾಕಿದವರು, ಖಾಲಿ ಚೆಕ್ಕು ಕೊಟ್ಟವರು, ಗುಂಪುಸಾಲಕ್ಕೆ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿದವರು ನಮ್ಮ ನಾಲ್ಕೂ ಊರುಗಳಲ್ಲಿದ್ದಾರೆ. ಕಿರುಸಾಲ ವಸೂಲಿಗಾರರ ಕಾಟಕ್ಕೆ ಜನ ಮನೆ ಬಿಟ್ಟು ಹೋಗುವಷ್ಟಾದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ದಬ್ಬಾಳಿಕೆಯ ವಸೂಲಿಗೆ ಹತ್ತು ವರ್ಷದ ತನಕ ಸೆರೆ, ಐದು ಲಕ್ಷ ರೂಪಾಯಿ ತನಕ ದಂಡ ಗೊತ್ತುಮಾಡಿತು. ಸಾಲ ಕೊಡುವ ವ್ಯಾಪಾರಿಯೂ ಉಂಟು, ಸಾಲದಲ್ಲಿ ಮುಳುಗಿದ ವ್ಯಾಪಾರಿಯೂ ಉಂಟು. ಇಂದು ಅಂಗಡಿಯ ಹುಡುಗನ ಆಧಾರ್ ಚೀಟಿ ಕಿತ್ತಿಟ್ಟುಕೊಂಡವನು ನಾಳೆ ಫೈನಾನ್ಸಿನವನ ಮುಂದೆ ತಾನೇ ಕೈಕಟ್ಟಿ ನಿಲ್ಲಬೇಕಾದೀತು.

ಆದುದರಿಂದ ಯಾವ ಕಾಗದವೇ ಆಗಲಿ, ಸಹಿ ಹಾಕುವ ಮುಂಚೆ ಐದು ಪ್ರಶ್ನೆ ಕೇಳಬೇಕೆಂದು ನಾವು ಸೂಚಿಸುತ್ತೇವೆ. ಇದು ನಾನು ಓದಬಲ್ಲ ಭಾಷೆಯಲ್ಲಿದೆಯೆ? ಇದರ ಒಂದು ಪ್ರತಿ ನನ್ನ ಕೈಯಲ್ಲಿರುತ್ತದೆಯೆ? ಇದಕ್ಕೆ ಕೊನೆಯ ದಿನ ಇದೆಯೆ? ನನ್ನಿಂದ ಏನನ್ನು ಕೇಳಕೂಡದೆಂಬುದು ಇದರಲ್ಲಿದೆಯೆ? ಬೇಡವೆನಿಸಿದ ದಿನ, ಹಸಿವಿಗೂ ಹೊಡೆತಕ್ಕೂ ಅವಮಾನಕ್ಕೂ ಅಂಜದೆ ನಾನು ಎದ್ದು ಹೋಗಬಹುದೆ? ಐದನೆಯದೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಉತ್ತರ ಇಲ್ಲವೆಂದಾದರೆ, ಮೊದಲ ನಾಲ್ಕು ಇದ್ದರೂ ಅದು ಕರಾರಲ್ಲ.

ಸಹಿ ಹಾಕಿ ಆಗಲೇ ಸಿಕ್ಕಿಕೊಂಡವರು ಹೆದರಿ ಕೂರಬಾರದು. 1976ರ ಕಾನೂನಿನಂತೆ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಗಳಿರಬೇಕು. ಜಿಲ್ಲಾಧಿಕಾರಿಗಳಿಗೋ ಉಪವಿಭಾಗಾಧಿಕಾರಿಗಳಿಗೋ ಅರ್ಜಿ ಕೊಟ್ಟರೆ ಅವರು ವಿಚಾರಣೆ ನಡೆಸಿ ಬಿಡುಗಡೆ ಪತ್ರ ಕೊಡತಕ್ಕದ್ದು. 2016ರಲ್ಲಿ ಪರಿಷ್ಕರಿಸಿದ ಕೇಂದ್ರದ ಯೋಜನೆಯಲ್ಲಿ ಬಿಡುಗಡೆಯಾದ ವಯಸ್ಕ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ, ತೀರ ಘೋರವಾದ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ಪುನರ್ವಸತಿ ನೆರವೆಂದು ಗೊತ್ತುಮಾಡಲಾಯಿತು. ಈ ರಾಜ್ಯದಲ್ಲಿ ಜೀತ ವಿಮುಕ್ತಿಗಾಗಿಯೇ ದುಡಿಯುತ್ತ ಬಂದಿರುವ ಜೀವಿಕದಂಥ ಸಂಘಟನೆಗಳೂ ಇವೆ. ಓದುಬಲ್ಲ ಸಂಗಾತಿಗಳು ವಾರಕ್ಕೆ ಒಂದು ಸಂಜೆಯನ್ನಾದರೂ ಇತರರ ಕಾಗದಗಳನ್ನು ಓದಿ ಹೇಳುವುದಕ್ಕೆ ಮೀಸಲಿಡಬೇಕು. ಮಾಲೂರಿನ ಹಂಚಿನ ಕಾರ್ಖಾನೆಯ ಕೇರಿಯಲ್ಲಿ, ಶ್ರೀನಿವಾಸಪುರದ ಮಂಡಿ ಬೀದಿಯಲ್ಲಿ, ಕೋಲಾರದ ಮಾರುಕಟ್ಟೆಯ ಹಮಾಲರ ನಡುವೆ, ಮುಳಬಾಗಿಲಿನ ಬಸ್‌ ನಿಲ್ದಾಣದ ಬಳಿ ಇಂಥ ಒಂದೊಂದು ಕೂಟ ನಡೆದರೆ ಸಾಕು, ಅನೇಕ ಹೆಬ್ಬೆಟ್ಟುಗಳು ತಪ್ಪು ಕಾಗದದ ಮೇಲೆ ಬೀಳುವುದು ತಪ್ಪುತ್ತದೆ.

ಮನುಷ್ಯ ಮನುಷ್ಯನಿಗೆ ಒಲಿದು ಬಾಗಿದರೆ ಅದನ್ನು ತಡೆಯಲು ನಾವು ಯಾರೂ ಅಲ್ಲ. ಬಾಗಿದವನು ಮತ್ತೆ ನೆಟ್ಟಗೆ ನಿಲ್ಲಬಯಸಿದಾಗ ಅವನ ಬೆನ್ನ ಮೇಲೆ ಕಾಗದವಿಟ್ಟು ಅದುಮುವವರನ್ನು ಮಾತ್ರ, ಅವರು ಗಂಡನಿರಲಿ, ಗೆಳೆಯನಿರಲಿ, ಗುತ್ತಿಗೆದಾರನಿರಲಿ, ಸಾಹುಕಾರನಿರಲಿ, ತಡೆದೇ ತೀರಬೇಕು.